ಪಂಪ್ ಮತ್ತು ಮರಳಿನ ಬಗ್ಗೆ ಎರಡು ಮಾತು

ವೆಟ್ ಬ್ಲಾಸ್ಟಿಂಗ್, ಅಂದರೆ ಗಾಜಿನ ಸಣ್ಣ ಮಣಿ ಬೆರೆತ ನೀರನ್ನು ರಭಸವಾಗಿ ಹೊಡೆದು ಲೋಹದ ಭಾಗಗಳನ್ನು ಸ್ವಚ್ಛ ಮಾಡುವುದು; ಅದಕ್ಕೆ ಬೇಕಾದ ಮುಚ್ಚಿದ ಪೆಟ್ಟಿಗೆಯನ್ನು (ಕ್ಯಾಬಿನೆಟ್) ಮನೆಯಲ್ಲೇ ಮಾಡಿಕೊಳ್ಳುವುದನ್ನು ನಿಮ್ಮ ಬರಹದಲ್ಲಿ ತುಂಬಾ ಚೆನ್ನಾಗಿ ವಿವರಿಸಿದ್ದೀರಿ. ಆದರೆ ಸಾಮಾನ್ಯ ಸಬ್‌ಮರ್ಸಿಬಲ್ ಪಂಪ್ ಸಾಕು ಅಂದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಗಾಜಿನ ಮಣಿ ಬೆರೆತ ನೀರು ಅದರೊಳಗೆ ತಿರುಗುವ ರೆಕ್ಕೆಯನ್ನೂ (ಇಂಪೆಲ್ಲರ್) ಸೀಲನ್ನೂ ಬೇಗ ಸವೆಸಿಬಿಡುತ್ತದೆ. ಇಂಥ ಕಣ ಬೆರೆತ ನೀರಿಗೆಂದೇ ಮಾಡಿದ ಸ್ಲರಿ ಪಂಪ್‌ಗೆ ದುಡ್ಡು ಜಾಸ್ತಿ ಆದರೂ ಅದೇ ಒಳ್ಳೆಯದು. ಇನ್ನೊಂದು ವಿಷಯ, ಮಣಿಗಳು ನೀರಲ್ಲಿ ತಾವಾಗಿಯೇ ತೇಲುತ್ತಾ ಇರುವುದಿಲ್ಲ. ಪಂಪ್ ನಿಂತರೆ ತಳದಲ್ಲಿ ಕೂತು ಗಟ್ಟಿಯಾಗುತ್ತವೆ. ಪಂಪಿನಿಂದ ಒಂದು ಕವಲು ಪೈಪ್ ತೆಗೆದು ಮಣಿ-ನೀರು ಬಂದು ಸೇರುವ ಆಲಿಕೆಯಂಥ ತೊಟ್ಟಿಯ (ಹಾಪರ್) ತಳಕ್ಕೇ ತಿರುಗಿಸಿ. ಆ ರಭಸಕ್ಕೆ ಎಲ್ಲ ಕದಡಿಕೊಂಡಿರುತ್ತದೆ.

ಮಣಿ ಸಿಗದಿದ್ದರೆ ಮರಳು ಹಾಕಬಹುದು ಎಂಬ ನಿಮ್ಮ ಸಾಲನ್ನು ದಯವಿಟ್ಟು ತೆಗೆದುಬಿಡಿ. ನೀರಿದ್ದರೆ ಧೂಳು ಕಡಿಮೆ, ನಿಜ. ಆದರೆ ಕ್ಯಾಬಿನೆಟ್ಟಿನ ಗೋಡೆಗೆ, ಗ್ಲೌಸಿಗೆ ಅಂಟಿದ್ದು ಒಣಗಿದ ಮೇಲೆ ಪುಡಿಯಾಗಿ ಏಳುತ್ತದೆ ಅಲ್ವಾ? ಮರಳಿನ ಸಿಲಿಕಾ ಉಸಿರಿನಲ್ಲಿ ಒಳಗೆ ಹೋಗಿ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬಂದರೆ ಅದು ವಾಸಿಯಾಗುವ ಕಾಯಿಲೆಯಲ್ಲ.

ಅಲ್ಯೂಮಿನಿಯಂಗೆ ಮಾತ್ರ ಈ ವಿಧಾನಕ್ಕೆ ಸಾಟಿಯಿಲ್ಲ. ಮಣಿ ಮತ್ತು ಲೋಹದ ನಡುವೆ ನೀರು ಮೆತ್ತೆಯ ಹಾಗೆ ಇರುವುದರಿಂದ ಮೇಲ್ಮೈ ಒರಟಾಗದೆ ರೇಷ್ಮೆಯಂಥ ಹೊಳಪು ಬರುತ್ತದೆ. ಉಕ್ಕಾದರೆ ತೊಳೆದ ಕೂಡಲೇ ಒಣಗಿಸಿ ಎಣ್ಣೆ ಸವರಬೇಕು, ಇಲ್ಲದಿದ್ದರೆ ಕಣ್ಣೆದುರೇ ತುಕ್ಕು ಹಿಡಿಯುತ್ತದೆ. ಬ್ಲಾಸ್ಟಿಂಗಿಗೆ ಮೊದಲು ಗ್ರೀಸ್ ಪೂರ್ತಿ ತೆಗೆಯಿರಿ. ಜಿಡ್ಡು ಸೇರಿದರೆ ನೀರೆಲ್ಲ ಕೆಟ್ಟು, ಮುಂದಿನ ಭಾಗಗಳಿಗೂ ಕಲೆ ಹತ್ತುತ್ತದೆ. ಎಂಜಿನ್ ಭಾಗವಾದರೆ ಎಣ್ಣೆ ಹರಿಯುವ ಪ್ರತಿ ತೂತನ್ನೂ ಬ್ರಷ್ ಹಾಕಿ ತೊಳೆದು, ಗಾಳಿ ಹೊಡೆದು ನೋಡಿ. ಅಲ್ಲಿ ಉಳಿದ ಮಣಿಗಳು ಬೇರಿಂಗನ್ನೇ ಹಾಳು ಮಾಡುತ್ತವೆ.