ಖಾಲಿ ಟೇಬಲ್ ಕಂಡು ಸಿಟ್ಟಾಗುವ ಮುನ್ನ

ಪೇಟೆ ಮಧ್ಯದ ಹೋಟೆಲ್‌ಗಳ ರಿವ್ಯೂ ಓದುವ ಅಭ್ಯಾಸ ಇದ್ದವರಿಗೆ ಈ ದೂರು ಗೊತ್ತಿರುತ್ತದೆ: "ಒಳಗೆ ಟೇಬಲ್ ಖಾಲಿ ಇದ್ದವು, ಆದರೂ ನಮ್ಮನ್ನು ಹೊರಗೇ ನಿಲ್ಲಿಸಿದರು." ಕೆಳಗೆ ಒಂದೇ ಸ್ಟಾರ್. ಹೊಟ್ಟೆ ಹಸಿದಿರುವಾಗ ಸಿಟ್ಟು ಬರುವುದು ಸಹಜ. ಆದರೆ ಎಷ್ಟೋ ಸಲ ಆ ಹೋಟೆಲ್ ಮಾಡಿದ್ದು ಸರಿಯಾದ ಕೆಲಸವೇ.

ಮಧ್ಯಾಹ್ನ ಆಫೀಸುಗಳೆಲ್ಲ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಊಟಕ್ಕೆ ಬಿಡುತ್ತವೆ. ಹತ್ತು ನಿಮಿಷದೊಳಗೆ ಬಾಗಿಲ ಮುಂದೆ ಜನ. ಎಲ್ಲರನ್ನೂ ಒಟ್ಟಿಗೆ ಕೂರಿಸಿದರೆ ಎಲ್ಲರ ಆರ್ಡರೂ ಒಟ್ಟಿಗೇ ಅಡುಗೆಮನೆಗೆ ಹೋಗುತ್ತದೆ. ಅಲ್ಲಿ ಒಲೆ ಇರುವುದು ಅಷ್ಟೇ, ಕೈಗಳು ಇರುವುದೂ ಅಷ್ಟೇ. ಆರ್ಡರ್ ಚೀಟಿಗಳು ಸಾಲಾಗಿ ನೇತಾಡುತ್ತವೆ, ಒಂದು ತಡವಾದರೆ ಹಿಂದಿನದೆಲ್ಲ ತಡ. ಅದಕ್ಕೇ ತಿಳಿದವರು ಬಂದವರನ್ನು ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಒಳಗೆ ಬಿಡುತ್ತಾರೆ. ಟೇಬಲ್ ಖಾಲಿ ಕಂಡರೂ ಅಡುಗೆಮನೆ ಖಾಲಿ ಇರುವುದಿಲ್ಲ. ಹೊರಗೆ ಹದಿನೈದು ನಿಮಿಷ ನಿಂತು ಕೂತ ಮೇಲೆ ಬೇಗ ಊಟ ಸಿಗುವುದು ಒಳ್ಳೆಯದೋ, ತಕ್ಷಣ ಕೂತು ಮುಕ್ಕಾಲು ಗಂಟೆ ಖಾಲಿ ಟೇಬಲ್ ನೋಡುವುದೋ? ನನಗಂತೂ ಮೊದಲನೆಯದೇ ಸಾಕು.

ಹಾಗಾದರೆ ತಪ್ಪು ಎಲ್ಲಿ? ಹೇಳದೆ ಇರುವುದರಲ್ಲಿ. ಸರ್ವಿಸ್ ಕೊಡುವ ವ್ಯವಹಾರಗಳ ಬಗ್ಗೆ ಅಧ್ಯಯನ ಮಾಡಿದ ಡೇವಿಡ್ ಮೈಸ್ಟರ್ ಎಂಬವರು 1985ರಲ್ಲಿ ಕಾಯುವವರ ಮನಸ್ಸಿನ ಬಗ್ಗೆ ಬರೆದಿದ್ದರು. ಸುಮ್ನೆ ಕೂತು ಕಾಯುವುದು ಏನಾದರೂ ಮಾಡುತ್ತಾ ಕಾಯುವುದಕ್ಕಿಂತ ಉದ್ದ ಅನಿಸುತ್ತದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲದಿದ್ದರೆ ಇನ್ನೂ ಉದ್ದ. ಕಾರಣ ಹೇಳದಿದ್ದರೆ ಮತ್ತೂ ಉದ್ದ. ಇಷ್ಟು ವರ್ಷವಾದರೂ ಬಾಗಿಲಲ್ಲಿ ನಿಂತವರು "ಈಗ ಆಗುತ್ತೆ ಸರ್" ಅಂತಲೇ ಹೇಳುತ್ತಾರೆ. "ಇಪ್ಪತ್ತು ನಿಮಿಷ ಬೇಕು, ಅಡುಗೆಮನೆಯಲ್ಲಿ ರಶ್ ಇದೆ, ಅಷ್ಟರಲ್ಲಿ ಮೆನು ನೋಡ್ತಿರಿ" ಅಂದರೆ ಯಾರೂ ಜಗಳ ಆಡುವುದಿಲ್ಲ. ಸಮಯ ಇಲ್ಲದವರು ಬೇರೆ ಕಡೆ ಹೋಗುತ್ತಾರೆ, ಅದೂ ಒಳ್ಳೆಯದೇ ಅಲ್ವಾ?

ಊಟ ತಡವಾದಾಗ ಸಪ್ಲೈಯರ್ ಹೇಗೆ ನಡೆಯುತ್ತಾನೆ, ಗಮನಿಸಿದ್ದೀರಾ? ಕೈಯಲ್ಲಿ ಟ್ರೇ, ಕಣ್ಣು ದೂರದ ಗೋಡೆಯ ಮೇಲೆ. ನಮ್ಮ ಟೇಬಲ್ ಹತ್ತಿರ ಬಂದಾಗ ಹೆಜ್ಜೆ ಚುರುಕಾಗುತ್ತದೆ. ಕಣ್ಣಿಗೆ ಕಣ್ಣು ಸಿಕ್ಕರೆ ಉತ್ತರ ಹೇಳಬೇಕು. ಆ ಉತ್ತರ ಅವನ ಹತ್ತಿರ ಇಲ್ಲ. ಒಮ್ಮೆ ನಾನು ಕೂತಿದ್ದ ಕಡೆ ಒಬ್ಬ ಹುಡುಗ ನೇರವಾಗಿ ಬಂದು, "ನಿಮ್ಮ ಆರ್ಡರ್ ಇನ್ನೂ ಶುರುವೇ ಆಗಿಲ್ಲ, ಬೇಗ ಆಗುವಂಥದ್ದು ಏನಾದರೂ ಕೊಡಲಾ?" ಅಂದ. ಪಕ್ಕದ ಟೇಬಲ್‌ನಲ್ಲಿ ಗೊಣಗುತ್ತಿದ್ದವರೂ ಸುಮ್ಮನಾದರು. ಆ ಹುಡುಗನಿಗೆ ಹಾಗೆ ಹೇಳುವ ಸ್ವಾತಂತ್ರ್ಯವನ್ನು ಮಾಲೀಕರು ಕೊಟ್ಟಿದ್ದರು. ಬಹಳ ಕಡೆ ಅದು ಇರುವುದಿಲ್ಲ.

ಈಗ ಇನ್ನೊಂದು ಸೇರಿಕೊಂಡಿದೆ, ಪಾರ್ಸೆಲ್. ಹಾಲ್ ಅರ್ಧ ಖಾಲಿ, ಆದರೂ ಊಟ ಬರುವುದಿಲ್ಲ. ಯಾಕೆಂದರೆ ಆ್ಯಪ್‌ಗಳಿಂದ ಬಂದ ಆರ್ಡರ್‌ಗಳು ನಮಗಿಂತ ಮುಂದೆ ಇರುತ್ತವೆ. ಆ ಕ್ಯೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ರಶ್ ಹೊತ್ತಲ್ಲಿ ಸ್ವಲ್ಪ ಹೊತ್ತು ಆ್ಯಪ್ ಆರ್ಡರ್ ನಿಲ್ಲಿಸಬಹುದು. ಎದುರಿಗೆ ಕೂತವರನ್ನು ಕಾಯಿಸಿ ಎರಡೂ ಕಡೆ ದುಡ್ಡು ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಗದ್ದಲದ ಬಗ್ಗೆಯೂ ಹೇಳಬೇಕು. ಗಾಜು, ಟೈಲ್ಸ್, ಬೋಳು ಸೀಲಿಂಗ್, ಮೇಲೆ ಜೋರು ಹಾಡು. ಸುತ್ತ ಶಬ್ದ ಇದ್ದರೆ ಮನುಷ್ಯ ತನಗೆ ಗೊತ್ತಿಲ್ಲದೆಯೇ ದನಿ ಏರಿಸುತ್ತಾನೆ. ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲೇ ಇದನ್ನು ತೋರಿಸಿದ್ದ. ಒಂದು ಟೇಬಲ್ ಜೋರಾದರೆ ಪಕ್ಕದ್ದೂ ಜೋರು. ಹಾಡಿನ ದನಿ ಕಡಿಮೆ ಮಾಡಲು ಖರ್ಚೇನೂ ಇಲ್ಲ. ವಯಸ್ಸಾದವರನ್ನು ಕರೆದುಕೊಂಡು ಹೋದವರಿಗೆ ಈ ಕಷ್ಟ ಗೊತ್ತು, ಪಕ್ಕದಲ್ಲೇ ಕೂತಿದ್ದರೂ ಅವರಿಗೆ ಮಾತು ಕೇಳುವುದಿಲ್ಲ.

ಇನ್ನು ನಾವು ಕೊಡುವ ಸ್ಟಾರ್. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಮೈಕೆಲ್ ಲೂಕಾ 2011ರಲ್ಲಿ ಅಮೆರಿಕದ ಸಿಯಾಟಲ್‌ನ ಹೋಟೆಲ್‌ಗಳ ಲೆಕ್ಕ ನೋಡಿದ್ದರು. ಗ್ರಾಹಕರು ರಿವ್ಯೂ ಬರೆಯುವ ಯೆಲ್ಪ್ ಎಂಬ ವೆಬ್‌ಸೈಟ್‌ನಲ್ಲಿ ಒಂದು ಸ್ಟಾರ್ ಜಾಸ್ತಿಯಾದರೆ ಆದಾಯ ಶೇ. 5ರಿಂದ 9ರಷ್ಟು ಏರುತ್ತಿತ್ತು. ದೊಡ್ಡ ಚೈನ್‌ಗಳಿಗೆ ಇದು ತಟ್ಟಲಿಲ್ಲ, ಸ್ವಂತವಾಗಿ ನಡೆಸುವವರಿಗೇ ತಟ್ಟಿತು. ಅಂದರೆ ನಮ್ಮ ಒಂದು ಸ್ಟಾರ್‌ನ ಪೆಟ್ಟು ಬೀಳುವುದು ಸಣ್ಣವರ ಮೇಲೆ. ಹಾಗಂತ ಕೆಟ್ಟ ಅನುಭವ ಮುಚ್ಚಿಡಿ ಅನ್ನುವುದಿಲ್ಲ. "ಸರ್ವಿಸ್ ಕೆಟ್ಟದ್ದು" ಅಂತಷ್ಟೇ ಬರೆದರೆ ಬೈಗುಳ ಸಪ್ಲೈಯರ್‌ಗೆ ಹೋಗುತ್ತದೆ, ಆಳು ಕಡಿಮೆ ಇಟ್ಟವರು ಪಾರಾಗುತ್ತಾರೆ. ಯಾವ ಹೊತ್ತು, ಎಷ್ಟು ಕಾಯಿಸಿದರು, ಕೇಳಿದಾಗ ಏನಂದರು, ಎಷ್ಟು ಟೇಬಲ್‌ಗೆ ಒಬ್ಬರು ಓಡಾಡುತ್ತಿದ್ದರು, ಅದನ್ನು ಬರೆಯಿರಿ. ಚೆನ್ನಾಗಿ ನೋಡಿಕೊಂಡವರ ಬಗ್ಗೆಯೂ ಅಷ್ಟೇ ವಿವರವಾಗಿ ಬರೆಯಿರಿ, ಮಾಲೀಕರು ಓದುತ್ತಾರೆ.