ಬಿಸಿಲು ನೋಡಲು ಹೋದ ಬಳ್ಳಾರಿಯವರು

ಮರುಭೂಮಿ ನೋಡಬೇಕೆಂಬ ತೀರ್ಮಾನ ಆದದ್ದು ಮೇ ತಿಂಗಳ ಒಂದು ಬೆಳಿಗ್ಗೆ, ನಮ್ಮ ವಾಕಿಂಗ್ ಬಳಗದಲ್ಲಿ. ಏಳೂವರೆಗೇ ಬೆವರು ಹುಬ್ಬು ದಾಟಿ ಕಣ್ಣಿಗಿಳಿದಿತ್ತು. ಹಿಂದಿನ ದಿನ ಪಾದರಸ 42 ಮುಟ್ಟಿತ್ತು, ರಾತ್ರಿಯೆಲ್ಲ ಕರೆಂಟು ಕಣ್ಣಾಮುಚ್ಚಾಲೆ ಆಡಿತ್ತು. ಅಂಥ ಹೊತ್ತಲ್ಲಿ ಸಿಮೆಂಟ್ ಅಂಗಡಿ ಸಾವ್ಕಾರ್ರು ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತ, “ಈ ಸಲ ರಾಜಸ್ಥಾನಕ್ಕೆ ಹೋಗಿ ಮರುಭೂಮಿ ನೋಡ್ಕೆಂಡು ಬರೋಣ ನಡ್ರಿ” ಅಂದರು. ಒಬ್ಬರೂ ನಗಲಿಲ್ಲ. ತಲೆಗೆ ಹದಿನೆಂಟು ಸಾವಿರ ಅಂದಾಗಲೂ ನಗಲಿಲ್ಲ. ನಾನೂ ಮುಂಗಡ ಕೊಟ್ಟೆ.

ಪ್ಯಾಕೇಜಿನಲ್ಲಿ ‘ಒಂದು ದಿನದ ಡೆಸರ್ಟ್ ಟ್ರೆಕ್ ಮತ್ತು ಸೈಟ್‌ಸೀಯಿಂಗ್’ ಎಂದಿತ್ತು. ನಮ್ಮ ಬಳಗದ ನಡಿಗೆಯ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ನಾವು ವಾಕಿಂಗಿಗೆ ಬರುವುದು ಬೈಕಿನಲ್ಲಿ. ಮೈದಾನಕ್ಕೆ ಎರಡು ಸುತ್ತು ಹಾಕಿ ವಗ್ಗರಣಿ-ಮಿರ್ಚಿ ಅಂಗಡಿಗೆ ಹೋಗುತ್ತೇವೆ, ಅದೂ ಬೈಕಿನಲ್ಲಿ. ಊರ ಎಲ್ಲ ಕಡೆಯಿಂದ ಕಾಣುವ ಕೋಟೆ ಗುಡ್ಡವನ್ನು ಹತ್ತಿದವರು ನಮ್ಮಲ್ಲಿ ಇಬ್ಬರೇ. ಒಬ್ಬರು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಮಾಸ್ತರಿಗೆ ಹೆದರಿ, ಇನ್ನೊಬ್ಬರು ಮಗನ ಮದುವೆಗೆ ಮುಂಚಿನ ಫೋಟೋ ತೆಗೆಸಲು ಲೈಟು ಹಿಡಿದು.

ಜೈಸಲ್ಮೇರ್ ಮುಟ್ಟಿದ್ದು ಡಿಸೆಂಬರಿನಲ್ಲಿ, ಬೆಳಗಿನ ಜಾವ. ಬ್ಯಾಗಿನಲ್ಲಿ ತಲಾ ಎರಡು ಟ್ಯೂಬ್ ಸನ್‌ಸ್ಕ್ರೀನ್, ಹತ್ತಿ ಅಂಗಿ, ತಂಪು ಕನ್ನಡಕ. ರೈಲಿಳಿದ ಕೂಡಲೇ ಹಲ್ಲು ಕಟಕಟ ಅನ್ನತೊಡಗಿದವು. ಮರುಭೂಮಿಗೆ ಚಳಿಗಾಲವೂ ಇರುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ. ನಮ್ಮೂರಿನಲ್ಲಿ ಅದು ಇಲ್ಲವಲ್ಲ. ನಿಲ್ದಾಣದ ಹೊರಗೆ ಚೌಕಾಸಿ ಮಾಡಿ ಹನ್ನೊಂದು ಮಂಕಿ ಕ್ಯಾಪ್ ಕೊಂಡೆವು. ಬಿಸಿಲ ನಾಡಿನ ಹನ್ನೊಂದು ಮಂದಿ ಮರುಭೂಮಿಯಲ್ಲಿ ನಡುಗುತ್ತ ನಿಂತಿರುವ ಫೋಟೋ ಈಗ ಹೆಡ್ಮಾಸ್ತರ ಮನೆಯ ಷೋಕೇಸಿನಲ್ಲಿದೆ.

ಡೆಸರ್ಟ್ ನ್ಯಾಷನಲ್ ಪಾರ್ಕ್ ಅಂದರೆ ಸಣ್ಣಪುಟ್ಟ ಪಾರ್ಕಲ್ಲ. ಜೈಸಲ್ಮೇರ್, ಬಾರ್ಮೇರ್ ಎರಡೂ ಜಿಲ್ಲೆಗೆ ಕಾಲು ಚಾಚಿದ 3,162 ಚದರ ಕಿಲೋಮೀಟರ್. ಆದರೆ ಅದರಲ್ಲಿ ಮರಳ ದಿಬ್ಬ ಇರುವುದು ಐದರಲ್ಲೊಂದು ಪಾಲು. ಉಳಿದದ್ದು ಕಲ್ಲುನೆಲ, ಗರಸು, ಹುಲ್ಲು, ಮುಳ್ಳು. ಜೀಪು ಒಂದು ತಾಸು ಓಡಿದರೂ ಮರಳು ಕಾಣದೆ ಸಾವ್ಕಾರ್ರು ಕಂಗಾಲಾದರು. “ನಾವ್ ರೊಕ್ಕ ಕೊಟ್ಟಿದ್ದು ಮರಳಿಗೆ. ಇವ್ನು ನಮ್ಗ ಸಿರುಗುಪ್ಪ ರೋಡ್ ತೋರ್ಸಕತ್ಯಾನ!”

ಗೈಡು ಜೀಪು ನಿಲ್ಲಿಸಿ ಒಂದು ಮುಳ್ಳುಗಂಟಿ ತೋರಿಸಿದ. ವಿಲಾಯತಿ ಬಬೂಲ್ ಅಂತೆ. ಹೊರದೇಶದ ಪೀಡೆ, ಹುಲ್ಲುಗಾವಲನ್ನೆಲ್ಲ ತಿಂದುಹಾಕುತ್ತದೆ ಎಂದು ಬೈದ. ನಾವು ಇಳಿದು ನೋಡಿದೆವು. ನಮ್ಮ ಬಳ್ಳಾರಿ ಜಾಲಿ! ಎರಡು ದಿನ ರೈಲಿನಲ್ಲಿ ಕೂತು ಬಂದವರ ಮುಂದೆ ಮನೆ ಹಿತ್ತಲಿನ ಗಿಡವೇ ನಿಂತಿತ್ತು. ಅಮೆರಿಕ ಖಂಡದ ಈ ಗಿಡವನ್ನು ಒಣನೆಲದಲ್ಲಿ ಸೌದೆಗಾದೀತೆಂದು ಬ್ರಿಟಿಷರು 19ನೇ ಶತಮಾನದಲ್ಲಿ ಮದ್ರಾಸ್ ಪ್ರಾಂತಕ್ಕೆ ತಂದರು. ಆಗ ಬಳ್ಳಾರಿಯೂ ಮದ್ರಾಸಿಗೇ ಸೇರಿತ್ತು. ಮೈಸೂರಿಗೆ ಬಂದದ್ದು 1953ರಲ್ಲಿ. ಗಿಡ ಅವರದು, ಹೆಸರು ಮಾತ್ರ ನಮ್ಮ ತಲೆಗೆ ಕಟ್ಟಿದೆ. ಗೈಡಿಗೆ ಇದನ್ನು ನಮ್ಮೂರ ಹೆಸರಿನಿಂದ ಕರೆಯುತ್ತಾರೆಂದು ಹೆಡ್ಮಾಸ್ತರು ಹೆಮ್ಮೆಯಿಂದ ಹೇಳಹೊರಟಿದ್ದರು. ನಾನು ಅವರ ಅಂಗಿ ಜಗ್ಗಿದೆ.

ಮುಂದೆ ಖೇಜ್ರಿ ಮರ ಬಂತು. ರಾಜಸ್ಥಾನದ ರಾಜ್ಯವೃಕ್ಷ. ಅದರ ಕಾಯಿ ಒಣಗಿಸಿ ಪಲ್ಯ ಮಾಡುತ್ತಾರೆ, ಸೊಪ್ಪು ಒಂಟೆ-ಮೇಕೆಗೆ ಹಾಕುತ್ತಾರೆ. ಹತ್ತಿರ ಹೋದರೆ ಅದು ಬನ್ನಿ! ದಸರೆಯಲ್ಲಿ ಎಲೆ ಕಿತ್ತು ‘ಬಂಗಾರ ತಗೊಂಡು ಬಂಗಾರದಂಗ ಇರೋಣ’ ಎಂದು ನಾವು ಹಂಚುವ ಮರ. ಉಳಿದ ಮುನ್ನೂರ ಅರವತ್ನಾಲ್ಕು ದಿನ ಅದು ನಮಗೆ ರಸ್ತೆ ಅಗಲೀಕರಣಕ್ಕೆ ಅಡ್ಡ.

ಇನ್ನು ಹಕ್ಕಿ. ಈ ಪಾರ್ಕಿನ ಪಟ್ಟದ ಪ್ರಾಣಿ ಗೋಡಾವಣ, ಅಂದರೆ ಹೆಬ್ಬಕ, ಇಂಗ್ಲಿಷಿನ ಗ್ರೇಟ್ ಇಂಡಿಯನ್ ಬಸ್ಟರ್ಡ್. ದೇಶದ ಬಯಲುಗಳಲ್ಲಿ ಉಳಿದಿರುವುದು ಸುಮಾರು ನೂರೈವತ್ತು. ವರ್ಷಕ್ಕೆ ಇಡುವುದು ಸಾಮಾನ್ಯವಾಗಿ ಒಂದೇ ಮೊಟ್ಟೆ. ಮೈಭಾರ, ಎದುರಿನದು ಸರಿಯಾಗಿ ಕಾಣದು. ಹಾಗಾಗಿ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ಆ ತಂತಿಗಳನ್ನು ನೆಲದೊಳಗೆ ಹಾಕಿ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು, 2024ರಲ್ಲಿ ಅದೇ ಆದೇಶವನ್ನು ಸಡಿಲಿಸಿತು. ಹಕ್ಕಿಗೆ ಎರಡೂ ತಿಳಿದಿರಲಾರದು. ನಾವು ಬೈನಾಕ್ಯುಲರ್ ಹಿಡಿದು ಉಸಿರು ಬಿಗಿಹಿಡಿದು ಮುಕ್ಕಾಲು ತಾಸು ಕೂತೆವು. ದೂರದಲ್ಲಿ ಕಂದುಬಣ್ಣದ್ದೇನೋ ಅಲುಗಿತು. ಮೇಕೆ.

“ಇದ್ರ ಹೆಸ್ರು ಎಲ್ಲೋ ಕೇಳಿದಂಗೈತಲ್ಲ” ಎಂದು ಹೆಡ್ಮಾಸ್ತರು ತಲೆ ಕೆರೆದುಕೊಂಡರು. ಕೇಳಿರಲೇಬೇಕು. ಎರೆಹೊಲದ ರೈತರು ಎರೆಭೂತ ಅನ್ನುವುದು ಇದನ್ನೇ. ಕರ್ನಾಟಕದಲ್ಲಿ ಇದರ ಕೊನೆಯ ಬೆರಳೆಣಿಕೆಯ ಹಕ್ಕಿಗಳಿಗೆ ಆಸರೆಯಾದದ್ದು ನಮ್ಮದೇ ಸಿರುಗುಪ್ಪ ತಾಲ್ಲೂಕಿನ ಹೊಲಗಳು. ಇದನ್ನು ಹೇಳಿದಾಗ ಜೀಪಿನಲ್ಲಿ ಯಾರೂ ನಂಬಲಿಲ್ಲ. “ಸಿರುಗುಪ್ಪದಾಗ ಭತ್ತ ಐತಿ, ರೈಸ್ ಮಿಲ್ ಐತಿ. ಅಲ್ಲ್ಯಾಕ ಇರ್ತತಿ ಇದು?”

ಮಧ್ಯಾಹ್ನ ಬಾರ್ಮೇರ್ ರಸ್ತೆಯ ಆಕಲ್ ಎಂಬಲ್ಲಿ ಕಲ್ಲಾದ ಮರಗಳನ್ನು ತೋರಿಸಿದರು. 18 ಕೋಟಿ ವರ್ಷದ ಹಿಂದೆ ಇಲ್ಲಿ ದಟ್ಟ ಕಾಡಿತ್ತಂತೆ. ಬಿದ್ದ ದಿಮ್ಮಿಗಳೆಲ್ಲ ಕಲ್ಲಾಗಿವೆ. ಒಂದೊಂದಕ್ಕೂ ಕಬ್ಬಿಣದ ಪಂಜರ, ಮೇಲೆ ತಗಡಿನ ಚಾವಣಿ. ನಾನು ಬಹಳ ಹೊತ್ತು ಅಲ್ಲೇ ನಿಂತೆ. ಸತ್ತು 18 ಕೋಟಿ ವರ್ಷವಾದ ಮರಕ್ಕೆ ನೆರಳು ಮಾಡಿಕೊಟ್ಟಿದ್ದಾರೆ. ನಮ್ಮ ಬೀದಿಯಲ್ಲಿ ನೆರಳು ಕೊಡುತ್ತಿದ್ದ ಬೇವಿನ ಮರ ಹೋದ ಏಪ್ರಿಲ್‌ನಲ್ಲಿ ಉರುಳಿತು, ಬಸ್ಸಿಗೆ ಕಾಯುವವರಿಗೆ ನೆರಳಿನ ತಗಡು ಶೆಡ್ಡು ಕಟ್ಟಲು. ಅಲ್ಲೇ ಪಕ್ಕದ ಗುಂಡಿಯಲ್ಲಿ ಪ್ರತಿ ಜೂನ್ 5ಕ್ಕೆ ಒಂದು ಸಸಿ ನೆಡುತ್ತಾರೆ. ಗುಂಡಿ ಹಳೆಯದು, ಸಸಿ ಹೊಸದು, ಹಿಡಿದುಕೊಳ್ಳುವ ಕೈಗಳು ಸಾಮಾನ್ಯವಾಗಿ ಹದಿನಾರು.

ಸಂಜೆ ಕೊನೆಗೂ ಸಮ್ ಎಂಬಲ್ಲಿ ಮರಳು ಸಿಕ್ಕಿತು. ‘ಮರುಭೂಮಿಯ ಮೌನ ಅನುಭವಿಸಿ’ ಎಂದು ಕರಪತ್ರದಲ್ಲಿತ್ತು. ಸಾಲು ಟೆಂಟುಗಳಿಂದ ಸಾಲು ಡೀಜೆಗಳು ಆ ಮೌನವನ್ನು ಸಾರಿ ಹೇಳುತ್ತಿದ್ದವು. ಜನರೇಟರಿನ ಹೊಗೆ, ಜೀಪಿನ ಧೂಳು, ಕಣ್ಣಿಗೆ ಕನ್ನಡಕ ಹಾಕಿಸಿಕೊಂಡ ಒಂಟೆ. ಸೂರ್ಯಾಸ್ತ ನೋಡಲು ಬಂದ ಸಾವಿರ ಮಂದಿಯೂ ಸೂರ್ಯನಿಗೆ ಬೆನ್ನು ಕೊಟ್ಟು ನಿಂತಿದ್ದರು. ಸೆಲ್ಫಿಯಲ್ಲಿ ಅವನು ಬರಬೇಕಲ್ಲ.

ಟ್ರೆಕ್ ಇದ್ದದ್ದು ಎರಡು ಕಿಲೋಮೀಟರ್. ನಾನೂರು ಹೆಜ್ಜೆಗೆ ಸಾವ್ಕಾರ್ರು ಒಂಟೆ ಏರಿದರು, ಐನೂರಕ್ಕೆ ಉಳಿದವರು. ನಾನೊಬ್ಬ ಗೈಡಿನ ಜತೆ ನಡೆದೆ, ಧೈರ್ಯದಿಂದಲ್ಲ, ಒಂಟೆಯ ದರ ಕೇಳಿ. ಅವನು ಹಿಂದಿಯಲ್ಲಿ ವಿಚಾರಿಸಿದ, ನಿಮ್ಮೂರಲ್ಲಿ ನೋಡಲು ಏನಿದೆ ಎಂದು. ನಾನು ಪ್ರಾಮಾಣಿಕವಾಗಿ ಹೇಳಿದೆ: ಬಿಸಿಲು, ಬಂಡೆ, ಮುಳ್ಳುಜಾಲಿ, ಕೆಂಪು ಧೂಳು, ಕಾಣದಷ್ಟು ಕಡಿಮೆಯಾದ ಗೋಡಾವಣ. ಅವನು ಸ್ವಲ್ಪ ಹೊತ್ತು ಯೋಚಿಸಿ ಕೇಳಿದ, “ಟಿಕೆಟ್ ಎಷ್ಟು?”

ಊರಿಗೆ ಮರಳಿದ ಮೇಲೆ ನಾನೊಂದು ಪ್ರಸ್ತಾಪ ಇಟ್ಟೆ. ಮುಂದಿನ ಟ್ರೆಕ್ ಸಂಗನಕಲ್ಲು ಗುಡ್ಡಕ್ಕೆ, ಬೈಕಿನಲ್ಲಿ ಅರ್ಧ ತಾಸಿನ ಹಾದಿ. ಸಾವಿರಾರು ವರ್ಷದ ಹಿಂದೆ ಮಂದಿ ಕಲ್ಲಿನ ಕೊಡಲಿ ಮಸೆದ ಜಾಗ. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಬಂದು ನೋಡಿ ಬೆರಗಾದದ್ದು. ಅಲ್ಲಿ ಕೆಲವು ಬಂಡೆಗಳನ್ನು ತಟ್ಟಿದರೆ ಗಂಟೆಯಂತೆ ಠಣ್ ಅನ್ನುತ್ತವೆ. ಎಲ್ಲರೂ ಮಿರ್ಚಿ ತಿನ್ನುತ್ತ ಕೇಳಿದರು. “ಪಾರ್ಕಿಂಗ್ ಐತೇನು?” ಅಂದರು ಒಬ್ಬರು. “ಅಂಥಾ ಬಿಸಿಲಾಗ ಯಾವಾನ್ ಹೋಗ್ತಾನ್ರಿ” ಅಂದರು ಇನ್ನೊಬ್ಬರು. ದುಬೈ ಡೆಸರ್ಟ್ ಸಫಾರಿಗೆ ಮುಂಗಡ ಎಷ್ಟು ಎಂಬ ಕಡೆ ಮಾತು ಹೊರಳಿತು.

ಸಾವ್ಕಾರ್ರು ಸಮ್‌ನಿಂದ ನೀರಿನ ಬಾಟಲಿಯಲ್ಲಿ ಒಂದು ಲೀಟರ್ ಮರಳು ತಂದಿದ್ದರು. ಹಗರಿಯ ಹೊಳೆಯೇ ಪಕ್ಕದಲ್ಲಿದ್ದೂ ಊರಲ್ಲಿ ಮರಳಿಗೆ ಪರದಾಟ, ಅವರ ಹೊಸ ಮನೆಯ ಗಾರೆ ಕೆಲಸ ಅದಕ್ಕೇ ನಿಂತಿತ್ತು. ಬಾಟಲಿಯನ್ನು ದೇವರ ಮನೆಯಲ್ಲಿಡುವುದೋ ಪಡಸಾಲೆಯಲ್ಲಿಡುವುದೋ ಎಂಬ ಚರ್ಚೆ ನಡೆದಾಗ ಮೇಸ್ತ್ರಿ ಬಂದ. ಅಂಗೈಗೆ ಸ್ವಲ್ಪ ಸುರಿದುಕೊಂಡು, ಹೆಬ್ಬೆರಳಿನಿಂದ ಉಜ್ಜಿ, ಬೆಳಕಿಗೆ ಹಿಡಿದು ನೋಡಿದ.

“ಭಾಳ ನುಣುಪೈತ್ರಿ ಸಾವ್ಕಾರ್ರ. ಸಿಮಿಟಿಗೆ ಹತ್ತಂಗಿಲ್ಲ” ಅಂದು ಹೊಸ್ತಿಲಾಚೆ ಕೈ ಝಾಡಿಸಿದ.