ಅರವತ್ತಕ್ಕೆ ಅರಳುಮರಳು

ನಮ್ಮಲ್ಲಿ ಅರವತ್ತು ತುಂಬಿದರೆ ಷಷ್ಟ್ಯಬ್ದಿ ಶಾಂತಿ ಮಾಡಿಸುತ್ತೇವೆ. ಅಮೆರಿಕದಲ್ಲೂ ಒಂದು ಅರವತ್ತಿದೆ. ಅಲ್ಲಿ ಲೆಕ್ಕ ವರ್ಷದ್ದಲ್ಲ, ದಿನದ್ದು. ಎಚ್‌-1ಬಿ ಅನ್ನುವ ಕೆಲಸದ ವೀಸಾದಲ್ಲಿರುವವನ ಕೆಲಸ ಹೋದರೆ 60 ದಿನದೊಳಗೆ ಬೇರೆ ಕಂಪನಿ ಅವನ ಹೆಸರಲ್ಲಿ ಅರ್ಜಿ ಹಾಕಬೇಕು. ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಇದರ ಹೆಸರು ಗ್ರೇಸ್ ಪೀರಿಯಡ್. 2017ರ ಜನವರಿಗೆ ಮುಂಚೆ ಇಷ್ಟೂ ಇರಲಿಲ್ಲ. ಹಾಗಾಗಿ ಕೃಪೆಯೇ ಅನ್ನಿ.

ನಮ್ಮ ಅಕ್ಕನ ಮಗ ಒಂಬತ್ತು ವರ್ಷದಿಂದ ಡಲ್ಲಾಸ್ ಹತ್ತಿರ ಇದ್ದಾನೆ. ವರ್ಷಕ್ಕೆ 85,000 ವೀಸಾ, ಅದಕ್ಕೆ ಲಾಟರಿ. ಅವನಿಗೆ ಹೊಡೆದಾಗ ಅಕ್ಕ ಸತ್ಯನಾರಾಯಣ ಪೂಜೆ ಮಾಡಿಸಿ ಬೀದಿಗೆಲ್ಲ ಸಪಾದ ಹಂಚಿದ್ದಳು. ಆಮೇಲೆ ಅಲ್ಲೇ ಮನೆ ತಗೊಂಡ. ದೇಶದಲ್ಲಿರೋಕೆ 60 ದಿನ, ಮನೆ ಸಾಲ ತೀರಿಸೋಕೆ 30 ವರ್ಷ. ಬ್ಯಾಂಕಿಗೆ ಅವನ ಮೇಲಿರುವ ನಂಬಿಕೆ ಸರ್ಕಾರಕ್ಕಿಲ್ಲ.

ಹೋದ ತಿಂಗಳು ಹನ್ನೊಂದು ನಿಮಿಷದ ವಿಡಿಯೊ ಕಾಲಿನಲ್ಲಿ ಕೆಲಸ ಹೋಯಿತು. ಕಂಪನಿ ನಿಷ್ಠುರದ್ದೇನಲ್ಲ. ಅವಧಿಗೆ ಮುಂಚೆ ತೆಗೆದರೆ ಊರಿಗೆ ಹೋಗುವ ಖರ್ಚು ಕಂಪನಿಯೇ ಕೊಡಬೇಕು ಅಂತ ಕಾನೂನಿದೆ. ಅವನೊಬ್ಬನದು ಮಾತ್ರ, ಹೆಂಡತಿ ಟಿಕೆಟ್ಟಿನ ಮಾತಿಲ್ಲ. ಮದುವೆ ಮುಗಿದ ಮೇಲೆ ಅಡುಗೆಯವರ ಕೈಗೆ ಬಸ್ ಚಾರ್ಜು ಇಡುತ್ತೇವಲ್ಲ, ಹಾಗೆ. ಇನ್ನು ಪಿಂಚಣಿಗೆಂದು ಒಂಬತ್ತು ವರ್ಷ ಸಂಬಳದಲ್ಲಿ ಹಿಡಿದಿದ್ದಾರೆ. ಅದು ಸಿಗಬೇಕಾದರೆ ಸುಮಾರು ಹತ್ತು ವರ್ಷ ದುಡಿದಿರಬೇಕು. ಬಿಡಿ, ಹುಂಡಿಗೆ ಹಾಕಿದ ಹಾಗಾಯಿತು.

60 ದಿನದಲ್ಲಿ ಕೆಲಸ ಸಿಗದಿದ್ದರೆ ವಕೀಲರು ಒಂದು ದಾರಿ ತೋರಿಸುತ್ತಾರೆ: ಪ್ರವಾಸಿ ಆಗಿಬಿಡಿ. ಇನ್ನೂ ಕೆಲವು ತಿಂಗಳು ಇರೋಕೆ ಅವಕಾಶ ಕೊಡಿ ಅಂತ ಬಿ-2 ಅನ್ನುವ ಪ್ರವಾಸಿ ದರ್ಜೆಗೆ ಅರ್ಜಿ ಹಾಕಬಹುದು. ಆನ್‌ಲೈನ್‌ನಲ್ಲಿ ಹಾಕಿದರೆ ಶುಲ್ಕ 420 ಡಾಲರ್. ಈ ಅಂಕಿ ಆರಿಸಿದವರು ನಮ್ಮ ಕಡೆಯವರೇ ಇರಬೇಕು.

ನಮ್ಮ ಹುಡುಗ ರಾತ್ರಿಯೆಲ್ಲ ಕೂತು ಆ ಅರ್ಜಿ ತುಂಬಿದ. ಯಾಕೆ ಇನ್ನೂ ಇರಬೇಕು, ಇದು ತಾತ್ಕಾಲಿಕ ಅಂತ ಹೇಗೆ ನಂಬೋದು, ವಾಪಸ್ ಹೋಗೋಕೆ ಏನು ಏರ್ಪಾಡು ಮಾಡಿದ್ದೀರಿ, ಎಲ್ಲಾ ಬರೆಯಬೇಕು. ವಿಳಾಸ ತನ್ನದೇ ಮನೆ. ಆ ಮನೆಯ ಅಡುಗೆಮನೆ ಕಿಟಕಿಯಲ್ಲಿ ಚಳಿಗೆ ಒಳಗೆ ತಂದಿಟ್ಟ ತುಳಸಿ ಕುಂಡ, ಫ್ರಿಜ್ಜಿನ ಮೇಲೆ ಮಗಳ ಶಾಲೆಯ ವೇಳಾಪಟ್ಟಿ, ಗರಾಜಿನಲ್ಲಿ ಮೂರು ಮೂಟೆ ಸೋನಾಮಸೂರಿ. ಇಷ್ಟು ಸಾಮಾನಿಟ್ಟುಕೊಂಡ ಪ್ರವಾಸಿಯನ್ನು ನಾನಂತೂ ಹಂಪಿಯಲ್ಲಿ ನೋಡಿಲ್ಲ.

ಪ್ರವಾಸಿ ಕೆಲಸ ಹುಡುಕಬಹುದು, ಇಂಟರ್‌ವ್ಯೂಗೂ ಹೋಗಬಹುದು. ಕೆಲಸ ಮಾತ್ರ ಮಾಡುವಂತಿಲ್ಲ. ಎಲೆ ಮುಂದೆ ಕೂತು ಬಡಿಸೋದು ನೋಡಬಹುದು, ಕಲಸಬಾರದು.

ಹಾಗಾದರೆ ಊರಿಗೆ ಬಂದು ಆರಾಮಾಗಿ ಮತ್ತೆ ಹೋದರಾಯಿತು, ಅಲ್ವಾ? ಅದಕ್ಕೂ ಬೀಗ ಬಿದ್ದಿದೆ. ಹೊರಗಿರುವವರಿಗೆ ಹೊಸ ಎಚ್‌-1ಬಿ ಅರ್ಜಿ ಹಾಕಬೇಕಾದರೆ 1 ಲಕ್ಷ ಡಾಲರ್ ಕಟ್ಟಿ ಅಂತ 2025ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಆದೇಶ ಹೊರಡಿಸಿದರು. ಹನ್ನೊಂದು ನಿಮಿಷದಲ್ಲಿ ಕಳಿಸಿದವನನ್ನು ಅಷ್ಟು ಕೊಟ್ಟು ಯಾರು ಕರೆಸುತ್ತಾರೆ?

ಅಲ್ಲೇ ಕಾಯಂ ಇರೋಕೆ ಬೇಕಾದ ಗ್ರೀನ್ ಕಾರ್ಡ್ ಸಾಲಿನಲ್ಲಂತೂ 2018ರಿಂದ ನಿಂತಿದ್ದಾನೆ. ವರ್ಷಕ್ಕೆ ಕೊಡುವ ಕಾರ್ಡುಗಳಲ್ಲಿ ಒಂದು ದೇಶಕ್ಕೆ ಶೇಕಡ 7ರ ಮಿತಿ. ಐಸ್‌ಲ್ಯಾಂಡಿಗೂ ಅಷ್ಟೇ, ನಮಗೂ ಅಷ್ಟೇ. ಸಮಾನತೆ ಅಂದರೆ ಇದು! ಏಳು ವರ್ಷದ ಮಗಳು ಅಲ್ಲೇ ಹುಟ್ಟಿದವಳು, ಹಾಗಾಗಿ ಅಮೆರಿಕದ ಪ್ರಜೆ. ಅವಳು ಇರಬಹುದು, ಅಪ್ಪ ಅಮ್ಮ ಹೊರಡಬೇಕು. ಅವಳಿಗೆ 21 ತುಂಬಿದ ಮೇಲೆ ಅಪ್ಪ ಅಮ್ಮನನ್ನು ಕರೆಸಿಕೊಳ್ಳೋಕೆ ಅವಳೇ ಅರ್ಜಿ ಹಾಕಬಹುದು. ಸಾಲು ಕರಗೋದಕ್ಕಿಂತ ಮಗಳು ಬೆಳೆಯೋದೇ ಬೇಗ ಅಂತ ಅವನ ಲೆಕ್ಕ. ಆ ಲೆಕ್ಕ ತಪ್ಪು ಅನ್ನೋಕೆ ನನಗೆ ಧೈರ್ಯ ಬರಲಿಲ್ಲ.

ಮೊನ್ನೆ ಫೋನ್ ಮಾಡಿದ್ದ. ಐವತ್ತೆರಡನೇ ದಿನ. ಕೈಯಲ್ಲಿ ಬಡಾವಣೆ ಸಂಘದ ನೋಟಿಸು. ಮನೆ ಮುಂದಿನ ಹುಲ್ಲು ಜಾಸ್ತಿ ಬೆಳೆದಿದೆ, ಹತ್ತು ದಿನದಲ್ಲಿ ಕತ್ತರಿಸದಿದ್ದರೆ ದಂಡ.

“ಕತ್ತರಿಸೋ, ಅದಕ್ಕೇನಂತೆ?” ಅಂದೆ.

“ಅದಲ್ಲ ಮಾಮ,” ಅಂದ. “ಅಷ್ಟೊತ್ತಿಗೆ ನಾನು ಪ್ರವಾಸಿ ಆಗಿದ್ರೆ, ಹುಲ್ಲು ಕತ್ತರಿಸೋದು ಕೆಲಸ ಅಂತ ಲೆಕ್ಕಕ್ಕೆ ಬರುತ್ತಾ?”